ತೊಂಬತ್ತು ದಾಟಿದವರ ತಟ್ಟೆ

ನೂರರ ಹತ್ತಿರ ಬಂದ ಹಿರಿಯರ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: ಇಷ್ಟು ಕಾಲ ಬಾಳಿದವರು ಏನು ಉಂಡಿರಬಹುದು? ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಸೇರಿದ ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಉತ್ತರ ಹುಡುಕಬೇಕಾಗಿಯೇ ಇಲ್ಲ. ಮುದ್ದೆ ಉಂಡರು, ಸೊಪ್ಪಿನ ಸಾರು ಉಂಡರು, ಗಟ್ಟಿಮುಟ್ಟಾಗಿದ್ದರು ಎಂಬ ಮಾತು ನಾಲಿಗೆಯ ತುದಿಯಲ್ಲೇ ಇರುತ್ತದೆ. ಆ ಉತ್ತರದಲ್ಲಿ ಒಂದಿಷ್ಟು ಸತ್ಯವಿದೆ, ಅದನ್ನು ಮುಂದೆ ನೋಡೋಣ. ನನ್ನ ತಕರಾರು ಇರುವುದು ಪ್ರಶ್ನೆಯ ಬಗ್ಗೆ. ಆ ಅಜ್ಜಿ ಮೂವತ್ತರ ಪ್ರಾಯದಲ್ಲಿ ಏನುಂಡರು ಎಂದು ಕೇಳುತ್ತೇವೆಯೇ ಹೊರತು, ಈಗ ತೊಂಬತ್ತರಲ್ಲಿ ಅವರ ತಟ್ಟೆಗೆ ಏನು ಬೀಳುತ್ತಿದೆ ಎಂದು ಕೇಳುವವರಿಲ್ಲ. ಹೃದಯ ಕಾಯುವ ಊಟ ಎಲ್ಲ ವಯಸ್ಸಿಗೂ ಒಂದೇ ಎಂದು ನಂಬಿಕೊಂಡಿದ್ದೇವೆ: ಎಣ್ಣೆ ಕಡಿಮೆ, ತುಪ್ಪ ಬೇಡ, ಮೊಟ್ಟೆ ಬೇಡ, ರಾತ್ರಿ ಅರೆಹೊಟ್ಟೆ. ಐವತ್ತರ ಆಸುಪಾಸಿನ, ಹೊಟ್ಟೆ ಬಂದ ಗಂಡಸಿಗೆ ಹೇಳಿದ ಮಾತಿದು. ಎಂಬತ್ತೈದು ದಾಟಿದ, ನಲವತ್ತು ಕೆಜಿಗೆ ಇಳಿದ ಹೆಂಗಸಿನ ಮೇಲೆ ಇದೇ ಪಥ್ಯ ಹೇರಿದರೆ ಅವರ ಆಯುಸ್ಸು ಬೆಳೆಯುವುದಿಲ್ಲ, ಸವೆಯುತ್ತದೆ. ಹಾಗೆ ಹೇಳಲು ಆಧಾರವೇನು, ಅದಕ್ಕೆ ಬರಬಹುದಾದ ಆಕ್ಷೇಪಗಳೇನು ಎಂಬುದೇ ಇಂದಿನ ಮಾತು.

ಮೊದಲು ಆ ಸಿದ್ಧ ಉತ್ತರವನ್ನು ಒರೆಗೆ ಹಚ್ಚೋಣ. ನೂರು ದಾಟಿದ, ನಾಡೆಲ್ಲ ಬಲ್ಲ ಹೆಸರುಗಳು ನಮ್ಮ ಸುತ್ತಮುತ್ತಲೇ ಇವೆ. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಹುಟ್ಟಿದ್ದು 1907ರ ಏಪ್ರಿಲ್ 1ರಂದು, ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ. 2007ರಲ್ಲಿ ರಾಮನಗರ ಬೇರೆ ಜಿಲ್ಲೆಯಾಗುವ ತನಕ ಮಾಗಡಿಯೂ ನಮ್ಮ ಬೆಂಗಳೂರು ಗ್ರಾಮಾಂತರಕ್ಕೇ ಸೇರಿತ್ತು. ಸ್ವಾಮೀಜಿ ಲಿಂಗೈಕ್ಯರಾದದ್ದು 2019ರ ಜನವರಿ 21ರಂದು, 111ನೆಯ ವಯಸ್ಸಿನಲ್ಲಿ. ನಂದಿ ಬೆಟ್ಟದ ಮಗ್ಗುಲಿನ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು 1962ರಲ್ಲಿ ತೀರಿಕೊಂಡಾಗ ನೂರು ದಾಟಿತ್ತು. ನಿಘಂಟು ಕಟ್ಟಿದ ಜಿ. ವೆಂಕಟಸುಬ್ಬಯ್ಯ 107 ವರ್ಷ ಬದುಕಿದರು. ಹಾರೋಹಳ್ಳಿಯಲ್ಲಿ ಹುಟ್ಟಿದ ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿ 103ರಲ್ಲಿ, ಕೋವಿಡ್ಡಿನಿಂದ ಚೇತರಿಸಿಕೊಂಡ ಮೇಲೆ, 2021ರ ಮೇ ತಿಂಗಳಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಈ ನಾಲ್ವರೂ ಒಂದೇ ಬಗೆಯ ಊಟ ಉಂಡವರಲ್ಲ. ಒಬ್ಬರದು ಮಠದ ಮಿತಾಹಾರ, ಒಬ್ಬರದು ದೇಶವಿದೇಶ ತಿರುಗಿದ ಎಂಜಿನಿಯರರ ಕಟ್ಟುನಿಟ್ಟಿನ ದಿನಚರಿ, ಇನ್ನೊಬ್ಬರದು ನಗರದ ಮೇಷ್ಟರ ಮನೆಯ ಅಡುಗೆ, ಮತ್ತೊಬ್ಬರದು ಜೈಲು, ಚಳವಳಿ, ಸಿಕ್ಕಾಗ ಸಿಕ್ಕಿದ್ದು. ಇವರಿಗೆಲ್ಲ ಸಮಾನವಾದದ್ದು ಇಂಥ ಪದಾರ್ಥ ಎಂದು ಬೊಟ್ಟು ಮಾಡಿ ತೋರಿಸಲಾಗದು. ತೋರಿಸಬಹುದಾದದ್ದು ಬೇರೆ: ಹೊಟ್ಟೆ ಬಿರಿಯೆ ತಿಂದವರು ಇವರಲ್ಲಿ ಯಾರೂ ಇಲ್ಲ, ಇಳಿವಯಸ್ಸಿನಲ್ಲೂ ಕೈಯಲ್ಲಿ ಒಂದು ಕೆಲಸ ಇಟ್ಟುಕೊಳ್ಳದವರೂ ಇಲ್ಲ.

ಇಷ್ಟರಿಂದಲೂ ಸಿದ್ಧಾಂತ ಕಟ್ಟುವಂತಿಲ್ಲ. ಬದುಕಿ ಉಳಿದವರನ್ನು ಮಾತ್ರ ಕೇಳಿದರೆ ಸಿಗುವ ಸಾಕ್ಷ್ಯ ಅರೆ ಸಾಕ್ಷ್ಯ. ಸ್ವಾತಂತ್ರ್ಯ ಬಂದ ಕಾಲಕ್ಕೆ ಭಾರತೀಯರ ಸರಾಸರಿ ಆಯುಸ್ಸು 32 ವರ್ಷದ ಆಸುಪಾಸಿನಲ್ಲಿತ್ತು, ಇಂದು ಅದು 70ರ ಹತ್ತಿರ ಬಂದಿದೆ. ಅಂದರೆ ಇಂದಿನ ತೊಂಬತ್ತರ ಅಜ್ಜಿ ಹುಟ್ಟಿದ ವರ್ಷ ಅದೇ ಕೇರಿಯಲ್ಲಿ ಹುಟ್ಟಿ ಅದೇ ರಾಗಿ ತಿಂದ ಎಷ್ಟೋ ಕೂಸುಗಳು ಸಿಡುಬಿಗೆ, ಭೇದಿಗೆ, ಮಲೇರಿಯಾಕ್ಕೆ ಹೋದವು. ಎಷ್ಟೋ ಹೆಂಗಸರು ಹೆರಿಗೆಯಲ್ಲಿ ಹೋದರು. ಅವರನ್ನು ಏನುಂಡಿರಿ ಎಂದು ಕೇಳಲು ಯಾರೂ ಬರುವುದಿಲ್ಲ. ವಯಸ್ಸಿನ ಲೆಕ್ಕವೂ ಅಷ್ಟು ಗಟ್ಟಿಯಲ್ಲ. ಜನನ ಮರಣ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾಯಿದೆ ಬಂದದ್ದು 1969ರಲ್ಲಿ. ಅದಕ್ಕೆ ಮುಂಚೆ ಹಳ್ಳಿಗಳಲ್ಲಿ ಹುಟ್ಟಿದವರ ವಯಸ್ಸನ್ನು ಬರಗಾಲ, ಪ್ಲೇಗು, ದೊಡ್ಡ ಮಳೆ ಇಂಥವನ್ನು ಹಿಡಿದು ಎಣಿಸಬೇಕು. ಏರಿದ ರಕ್ತದೊತ್ತಡದಿಂದ ಬಳಲಿದ್ದ ಗಾಂಧೀಜಿ 1927ರ ಬೇಸಗೆಯಲ್ಲಿ ವಿಶ್ರಾಂತಿಗೆಂದು ನಂದಿಗೆ ಬಂದದ್ದು ಈ ಸೀಮೆಯಲ್ಲಿ ಅಂಥದೊಂದು ಗುರುತಾಗಬಲ್ಲದು. ಎಲ್ಲವನ್ನೂ ಕಾಗದದ ಮೇಲೆ ಅಚ್ಚುಕಟ್ಟಾಗಿಟ್ಟ ವಿಶ್ವೇಶ್ವರಯ್ಯನವರ ಹುಟ್ಟಿದ ವರ್ಷವೇ ಕೆಲವು ಪುಸ್ತಕಗಳಲ್ಲಿ 1860, ಕೆಲವದರಲ್ಲಿ 1861 ಎಂದಿರುವಾಗ ಉಳಿದವರ ಮಾತೇನು! ಇದು ನಮ್ಮೊಬ್ಬರ ಪಾಡಲ್ಲ. ನೂರು ದಾಟಿದವರ ಬೀಡು ಎಂದು ಹೆಸರಾದ ಜಪಾನು, ಇಟಲಿ, ಗ್ರೀಸಿನ ಊರುಗಳ ದಾಖಲೆಗಳನ್ನೂ ಸಾಲ್ ನ್ಯೂಮನ್ ಎಂಬ ಸಂಶೋಧಕ ಕೆದಕಿ, ಎಲ್ಲಿ ದಾಖಲೆ ಸಡಿಲವೋ ಅಲ್ಲೇ ಶತಾಯುಷಿಗಳು ಹೆಚ್ಚು ಎಂದು ವಾದಿಸಿದ್ದಾರೆ. ಅದನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ಹೇಗೂ ಇರಲಿ, ನೂರು ದಾಟಿದವರ ತಿಂಡಿಪಟ್ಟಿ ನೋಡಿ ಆಯುಸ್ಸಿನ ಗುಟ್ಟು ಹೇಳುವ ಪುಸ್ತಕಗಳನ್ನು ತುಸು ದೂರದಿಂದಲೇ ಓದುವುದು ಒಳ್ಳೆಯದು.

ಹಾಗಾದರೆ ರಾಗಿಯ ಹಿರಿಮೆ ಸುಳ್ಳೇ? ಸುಳ್ಳಲ್ಲ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ; ನಾವು ದಿನನಿತ್ಯ ಉಣ್ಣುವ ಧಾನ್ಯಗಳಲ್ಲಿ ಇನ್ನಾವುದೂ ಅದರ ಹತ್ತಿರಕ್ಕೆ ಬರುವುದಿಲ್ಲ. ಪಾಲಿಶ್ ಅಕ್ಕಿಗಿಂತ ನಾರೂ ಎಷ್ಟೋ ಹೆಚ್ಚು. ಆದರೆ ರಾಗಿ ಒಂಟಿಯಾಗಿ ಹೃದಯ ಕಾಯಲಿಲ್ಲ. ಅದರ ಜೊತೆಗೆ ಹೊಲದ ದುಡಿಮೆ ಇತ್ತು, ಬಾವಿಯಿಂದ ನೀರು ಹೊರುವುದಿತ್ತು, ಸಂತೆಗೆ ನಡೆದು ಹೋಗುವುದಿತ್ತು, ಹುರುಳಿ, ಅವರೆ, ಅಲಸಂದೆ, ಹುಚ್ಚೆಳ್ಳು ಇದ್ದವು, ಎಣ್ಣೆಗೆ ಬಡತನವೇ ಅಂಕುಶವಾಗಿತ್ತು. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯವರೂ ಪಾಲ್ಗೊಂಡಿದ್ದರು. ಮೊದಲ ಹೃದಯಾಘಾತದ ಹಿಂದೆ ಹೆಚ್ಚುಕಡಿಮೆ ಎಲ್ಲ ಕಡೆಯೂ ಇರುವುದು ಒಂಬತ್ತು ಅಂಶಗಳು ಎಂದು ಅದು ತೋರಿಸಿತು. ತಂಬಾಕು, ಬಿಪಿ, ಸಕ್ಕರೆ ಕಾಯಿಲೆ, ರಕ್ತದ ಕೊಬ್ಬು, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣು ತರಕಾರಿಯ ಕೊರತೆ, ಮೈಗೆ ದುಡಿಮೆ ಇಲ್ಲದಿರುವುದು, ಮದ್ಯದ ಅಭ್ಯಾಸ ಇವೇ ಆ ಒಂಬತ್ತು. ಬೇರೆ ಕಡೆಯವರಿಗೆ ಮೊದಲ ಆಘಾತ 59ರ ಸುಮಾರಿಗೆ ಬಂದರೆ ದಕ್ಷಿಣ ಏಷ್ಯಾದವರಿಗೆ 53ಕ್ಕೇ ಬರುತ್ತದೆ ಎಂಬುದೂ ಅದರಿಂದ ಗೊತ್ತಾಯಿತು. ಈಗ ನಮ್ಮ ಜಿಲ್ಲೆಯನ್ನೇ ನೋಡಿ. ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನ ನಿಲ್ದಾಣ ತೆರೆಯಿತು, ಜಮೀನು ನಿವೇಶನವಾಯಿತು, ನಡಿಗೆ ಬೈಕಾಯಿತು. ಹೊಸಕೋಟೆಯಲ್ಲಿ ಬೆಳಕು ಹರಿಯುವ ಮುಂಚೆಯೇ ಬಿರಿಯಾನಿಗೆ ಬೆಂಗಳೂರಿನವರ ಸಾಲು ನಿಲ್ಲುತ್ತದೆ. (ಬಿರಿಯಾನಿಯ ಮೇಲೆ ನನಗೆ ಹಗೆಯಿಲ್ಲ, ಬೆಳಗಿನ ಐದು ಗಂಟೆಯ ಮೇಲೆ ಸ್ವಲ್ಪ ಇದೆ.) ಮನೆಯಲ್ಲಿ ಮುದ್ದೆ ಇನ್ನೂ ಇದೆ, ಅದರ ಸುತ್ತ ಇದ್ದದ್ದೆಲ್ಲ ಕದಲಿದೆ. ಆದ್ದರಿಂದ ಐವತ್ತರವರಿಗೆ ಹೇಳುವ ಎಣ್ಣೆ, ಸಿಹಿ, ತಂಬಾಕು ಬಿಡುವ ಬುದ್ಧಿವಾದವನ್ನು ನಾನು ಒಂದಿಷ್ಟೂ ಸಡಿಲಿಸುವುದಿಲ್ಲ.

ತಪ್ಪು ಶುರುವಾಗುವುದು ಆ ಬುದ್ಧಿವಾದವನ್ನು ಹಾಗೇ ಎತ್ತಿ ಎಂಬತ್ತು ದಾಟಿದವರ ತಟ್ಟೆಗೆ ಹಾಕಿದಾಗ. ಆ ವಯಸ್ಸಿನಲ್ಲಿ ಮೈಯ ಒಳಗೆ ಆಗುವುದೇ ಬೇರೆ. ಮಾಂಸಖಂಡ ವರ್ಷ ವರ್ಷವೂ ಕರಗುತ್ತದೆ, ತಿಂದ ಪ್ರೋಟೀನನ್ನು ಮಾಂಸವಾಗಿಸುವ ಶಕ್ತಿ ಕುಗ್ಗುತ್ತದೆ. ನಾಲಿಗೆಗೆ ರುಚಿ ಹತ್ತುವುದಿಲ್ಲ, ಬಾಯಾರಿಕೆ ತಿಳಿಯುವುದಿಲ್ಲ, ಹಲ್ಲಿಲ್ಲ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುತ್ತದೆ. ರಕ್ತನಾಳ ಗಡುಸಾಗಿ ಬಿಪಿಯ ಮೇಲಿನ ಅಂಕಿ ಏರುತ್ತದೆ, ಎದ್ದು ನಿಂತ ಕೂಡಲೇ ಅದೇ ಬಿಪಿ ಸರ್ರನೆ ಇಳಿದು ಕಣ್ಣು ಕತ್ತಲೆ ಬರುತ್ತದೆ. ಹೃದಯವೂ ಮಾಂಸಖಂಡವೇ ಎಂಬುದು ನೆನಪಿರಲಿ. ಮೈ ಒಣಗಿದರೆ ಅದೊಂದೇ ದಷ್ಟಪುಷ್ಟವಾಗಿ ಉಳಿಯುವುದಿಲ್ಲ. ಈ ವಯಸ್ಸಿನವರನ್ನು ಕೆಡವುವುದು ಹೆಚ್ಚಾಗಿ ತುಪ್ಪದ ಚಮಚವಲ್ಲ. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಳ್ಳುವುದು, ಹಾಸಿಗೆ ಹಿಡಿದ ಮೇಲೆ ನ್ಯುಮೋನಿಯಾ, ಒಂದು ಸಣ್ಣ ಜ್ವರದಿಂದ ಮತ್ತೆ ಏಳದಿರುವುದು, ಇವು. ಕಾಲಿನಲ್ಲಿ ಕಸುವಿದ್ದವರು ಏಳುತ್ತಾರೆ, ಇಲ್ಲದವರು ಏಳುವುದಿಲ್ಲ. ಅದಕ್ಕೇ 65 ದಾಟಿದವರಿಗೆ ಮೈತೂಕದ ಪ್ರತಿ ಕೆಜಿಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನು ಬೇಕು ಎಂದು 2013ರಲ್ಲಿ ಹಲವು ದೇಶಗಳ ತಜ್ಞರ ಗುಂಪೊಂದು ಸೇರಿ ಹೇಳಿತು. ನಮ್ಮಲ್ಲಿ ವಯಸ್ಕರಿಗೆ ಸಾಮಾನ್ಯವಾಗಿ ಹೇಳುವುದು 0.83 ಗ್ರಾಂ. ಅಂದರೆ ಊಟ ಕಡಿಮೆಯಾಗುವ ವಯಸ್ಸಿನಲ್ಲೇ ಈ ಒಂದು ಅಂಶದ ಅಗತ್ಯ ಏರುತ್ತದೆ. ಮೂತ್ರಪಿಂಡದ ಕಾಯಿಲೆ ಬಲಿತವರ ಲೆಕ್ಕ ಮಾತ್ರ ಬೇರೆ, ಅವರು ವೈದ್ಯರು ಹೇಳಿದ ಅಳತೆಯನ್ನೇ ಪಾಲಿಸಬೇಕು.

ಈ ಲೆಕ್ಕವನ್ನು ನಮ್ಮ ಬಸ್ಸಾರಿನ ಊಟಕ್ಕೆ ಹಚ್ಚಿ ನೋಡೋಣ. ಬಸ್ಸಾರು ಮಾಡುವ ಬಗೆ ಕೇಳುತ್ತಿರುವ ತಾಯಂದಿರಿಗೆಲ್ಲ ಗೊತ್ತು. ದಂಟಿನ ಸೊಪ್ಪನ್ನೋ ಹುರುಳಿಯನ್ನೋ ತೊಗರಿಬೇಳೆಯನ್ನೋ ಬೇಯಿಸಿ, ನೀರನ್ನು ಬಸಿದು, ಆ ಕಟ್ಟಿಗೆ ಮೆಣಸಿನಕಾಯಿ, ಬೆಳ್ಳುಳ್ಳಿ, ಕಾಯಿ, ಹುಣಸೆಹುಳಿ ರುಬ್ಬಿ ಹಾಕಿ ಸಾರು ಮಾಡುತ್ತಾರೆ. ಬಸಿದ ಮೇಲೆ ಉಳಿದ ಸೊಪ್ಪು ಕಾಳು ಒಗ್ಗರಣೆ ಬಿದ್ದು ಪಲ್ಯವಾಗುತ್ತದೆ. ಮುದ್ದೆಯನ್ನು ಅಗಿಯುವುದಿಲ್ಲ, ತುತ್ತು ಮುರಿದು ಸಾರಿನಲ್ಲಿ ಅದ್ದಿ ನುಂಗುತ್ತಾರೆ. ಹಲ್ಲು ಹೋದವರಿಗೆ ಇದಕ್ಕಿಂತ ಸಲೀಸಾದ ಊಟ ಇಲ್ಲ. ತೊಡಕಿರುವುದು ತಟ್ಟೆಯ ಇನ್ನೊಂದು ಬದಿಯಲ್ಲಿ. ಕಾಳಿನ ಸತ್ವವೆಲ್ಲ ಪಲ್ಯದಲ್ಲಿದೆ, ಪಲ್ಯ ಅಗಿಯಬೇಕು, ಅಗಿಯಲು ಹಲ್ಲಿಲ್ಲ. ಹೀಗಾಗಿ ತೊಂಬತ್ತರ ಅಜ್ಜನಿಗೆ ಸಿಗುವುದು ಮುದ್ದೆ ಮತ್ತು ಕಟ್ಟಿನ ನೀರು. ಪಲ್ಯ ತಟ್ಟೆಯಲ್ಲೇ ಉಳಿದು ಮೊಮ್ಮಕ್ಕಳಿಗೋ ಕೋಳಿಗೋ ಹೋಗುತ್ತದೆ. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಪ್ರೋಟೀನು ಇರುವುದು 7 ಗ್ರಾಮಿನಷ್ಟು. ಎರಡು ಹೊತ್ತು ಮುದ್ದೆ ಉಂಡರೆ 14, ಒಂದಿಷ್ಟು ಅನ್ನ, ಟೀ ಹಾಲು ಸೇರಿದರೆ ಹೆಚ್ಚೆಂದರೆ 25. ಐವತ್ತು ಕೆಜಿ ಮೈಗೆ ಬೇಕಾದದ್ದು 50. ಇನ್ನರ್ಧ ಎಲ್ಲಿಂದ ಬರಬೇಕು? ಅದೇ ಅಡುಗೆಮನೆಯಲ್ಲಿ ಉತ್ತರವಿದೆ. ಬಸ್ಸಾರಿನ ಬದಲು ಮಸ್ಸೊಪ್ಪು ಮಾಡಿದರೆ ಬೇಳೆ, ಸೊಪ್ಪು ಎರಡೂ ಮಸೆದು ಸಾರಿನೊಳಗೇ ಉಳಿಯುತ್ತವೆ, ಮುದ್ದೆಯ ಜೊತೆ ನುಂಗಿ ಹೋಗುತ್ತವೆ. ಬಸ್ಸಾರೇ ಬೇಕೆಂದರೆ ಒಂದು ಹಿಡಿ ಪಲ್ಯವನ್ನು ರುಬ್ಬಿ ಸಾರಿಗೆ ಸೇರಿಸಬಹುದು. ನೂರು ಗ್ರಾಂ ಹುರುಳಿಯಲ್ಲಿ 20 ಗ್ರಾಮಿಗೂ ಮಿಕ್ಕಿ ಪ್ರೋಟೀನಿದೆ. ಅವರೆಕಾಯಿ ಕಾಲದಲ್ಲಿ ಹಿದುಕಿದ ಬೇಳೆ ಸಾರು, ಬೇಯಿಸಿ ಕಿವುಚಿದ ಮೊಟ್ಟೆ, ಒಂದು ಲೋಟ ಹಾಲು, ಗಟ್ಟಿ ಮೊಸರು, ಹುರಿದು ಪುಡಿ ಮಾಡಿದ ಕಡಲೆಕಾಯಿ ಬೀಜ, ತಿನ್ನುವವರಾದರೆ ಮೆತ್ತಗೆ ಬೆಂದ ನಾಟಿಕೋಳಿ ಮಾಂಸ, ಇವೆಲ್ಲ ಈ ಸೀಮೆಯಲ್ಲೇ ಸಿಗುವಂಥವು. ಹೊರಗಿನ ಡಬ್ಬಿಯ ಪುಡಿ ಬೇಕಾಗಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಮೊಟ್ಟೆ, ಹಾಲು, ಮಾಂಸ ಎಂದರೆ ಕೊಲೆಸ್ಟ್ರಾಲ್ ಏರಿ ಹೃದಯಕ್ಕೆ ಕಂಟಕವಲ್ಲವೇ ಎಂದು. ನೆದರ್‌ಲ್ಯಾಂಡ್ಸಿನ ಲೈಡನ್ ನಗರದಲ್ಲಿ 85 ದಾಟಿದ ಏಳುನೂರಕ್ಕೂ ಹೆಚ್ಚು ಜನರನ್ನು ಹತ್ತು ವರ್ಷ ಗಮನಿಸಿದ ಅಧ್ಯಯನ 1997ರಲ್ಲಿ ಪ್ರಕಟವಾಯಿತು. ಆ ವಯಸ್ಸಿನಲ್ಲಿ ಕೊಲೆಸ್ಟ್ರಾಲ್ ಹೆಚ್ಚಿದ್ದವರು ಕಡಿಮೆ ಇದ್ದವರಿಗಿಂತ ಹೆಚ್ಚು ಕಾಲ ಬದುಕಿದ್ದರು. ಹೃದಯದ ಕಾಯಿಲೆಯ ಸಾವು ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಸಮವಾಗಿತ್ತು. ವ್ಯತ್ಯಾಸ ಬಂದದ್ದು ಕ್ಯಾನ್ಸರು ಮತ್ತು ಸೋಂಕುಗಳಿಂದ. ಇದನ್ನು ಕೇಳಿ ತುಪ್ಪದ ಗಿಂಡಿ ಇಳಿಸಿಬಿಡಬೇಡಿ. ಕೊಲೆಸ್ಟ್ರಾಲ್ ಆಯುಸ್ಸು ಕೊಟ್ಟಿತು ಎನ್ನುವುದಕ್ಕಿಂತ, ಒಳಗೊಳಗೇ ಕಾಯಿಲೆ ಬಿದ್ದ, ಊಟ ಬಿಟ್ಟ ಮೈಯಲ್ಲಿ ಕೊಲೆಸ್ಟ್ರಾಲ್ ತಾನೇ ಇಳಿದಿರುತ್ತದೆ ಎನ್ನುವುದು ಹೆಚ್ಚು ಒಪ್ಪುವ ವಿವರಣೆ. ನಮಗೆ ಬೇಕಾದ ತೀರ್ಮಾನ ಚಿಕ್ಕದು: ತೊಂಬತ್ತರವರ ರಕ್ತದಲ್ಲಿ ಕೊಬ್ಬಿನ ಅಂಕಿ ತಗ್ಗಿರುವುದು ಕಂಡು ಹಿಗ್ಗಬೇಕಾಗಿಲ್ಲ, ಅದನ್ನು ತಗ್ಗಿಸಲೆಂದು ಅವರ ದಿನದ ಒಂದು ಮೊಟ್ಟೆ ಕಸಿಯಬೇಕಾಗಿಯೂ ಇಲ್ಲ. ಒಮ್ಮೆ ಹೃದಯಾಘಾತವಾಗಿ ವೈದ್ಯರು ಕೊಲೆಸ್ಟ್ರಾಲ್ ಮಾತ್ರೆ ಕೊಟ್ಟಿದ್ದರೆ ಅದನ್ನು ನಿಲ್ಲಿಸುವ ಮಾತನ್ನು ನಾನಾಡುತ್ತಿಲ್ಲ. ಅದು ವೈದ್ಯರಿಗೆ ಬಿಟ್ಟದ್ದು.

ಎದುರು ದಿಕ್ಕಿನಿಂದಲೂ ಒಂದು ಆಕ್ಷೇಪವಿದೆ, ಅದು ಇನ್ನೂ ಹೆಚ್ಚು ಕೇಳಿಬರುವಂಥದ್ದು. ತೊಂಬತ್ತಾಯಿತು, ಇನ್ನೇನು ಪಥ್ಯ, ಇನ್ನೇನು ಮಾತ್ರೆ, ಉಪ್ಪು ಖಾರ ಬಾಯಿಗೆ ಹಿಡಿಸಿದಂತೆ ತಿಂದುಕೊಂಡಿರಲಿ ಬಿಡಿ ಎನ್ನುತ್ತಾರೆ. ಊಟದ ಮಟ್ಟಿಗೆ ಈ ಮಾತಿನಲ್ಲಿ ಕರುಣೆ ಇದೆ, ನನ್ನ ವಾದಕ್ಕೂ ಅದು ಹತ್ತಿರವೇ. ಬಿಪಿ ಮಾತ್ರೆಯ ಮಟ್ಟಿಗೆ ಮಾತ್ರ ಇದು ತಪ್ಪು ಎಂದು ಸಾಕಷ್ಟು ಗಟ್ಟಿಯಾಗಿ ಹೇಳಬಹುದು. ಎಂಬತ್ತು ದಾಟಿದ, ಮೇಲಿನ ಬಿಪಿ 160ಕ್ಕೆ ಕಡಿಮೆ ಇಲ್ಲದ 3,845 ಜನರನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ನಿಜವಾದ ಮಾತ್ರೆ, ಇನ್ನೊಂದಕ್ಕೆ ಔಷಧವಿಲ್ಲದ ಹುಸಿ ಮಾತ್ರೆ ಕೊಟ್ಟು ನೋಡಿದ ಹೈವೆಟ್ ಎಂಬ ಪ್ರಯೋಗ 2008ರಲ್ಲಿ ಪ್ರಕಟವಾಯಿತು. ಗುರಿ ತೀರಾ ಬಿಗಿಯಾಗಿರಲಿಲ್ಲ, 150ಕ್ಕೆ 80. ಮಾತ್ರೆ ತಿಂದವರಲ್ಲಿ ಒಟ್ಟು ಸಾವು ನೂರಕ್ಕೆ 21ರಷ್ಟು, ಹೃದಯ ಸೋಲುವ ಕಾಯಿಲೆ ನೂರಕ್ಕೆ 64ರಷ್ಟು ಕಡಿಮೆಯಾಯಿತು. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ ಪ್ರಯೋಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಬೇಕಾಯಿತು. ಉಪ್ಪಿನ ಮಾತೂ ಹೀಗೆಯೇ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21 ಸಾವಿರ ಜನರ ಮೇಲೆ ಐದು ವರ್ಷದಷ್ಟು ಕಾಲ ನಡೆದ ಅಧ್ಯಯನದಲ್ಲಿ, ಅರ್ಧದಷ್ಟು ಹಳ್ಳಿಗಳಿಗೆ ಅಡುಗೆ ಉಪ್ಪಿನ ಕಾಲುಭಾಗ ಪೊಟ್ಯಾಸಿಯಂ ಬೆರೆತ ಉಪ್ಪು ಕೊಟ್ಟರು. ಅವರಲ್ಲಿ ಲಕ್ವ ನೂರಕ್ಕೆ 14, ಸಾವು ನೂರಕ್ಕೆ 12 ಕಡಿಮೆಯಾದದ್ದು 2021ರಲ್ಲಿ ವರದಿಯಾಯಿತು. ಮೂತ್ರಪಿಂಡ ದುರ್ಬಲವಾದವರು, ಕೆಲವು ಬಿಪಿ ಮಾತ್ರೆ ತಿನ್ನುವವರು ಅಂಥ ಉಪ್ಪನ್ನು ಕೇಳದೆ ಬಳಸಬಾರದು. ನಮ್ಮಲ್ಲಿ ಮುದ್ದೆಗೆ ಉಪ್ಪು ಹಾಕುವುದು ಕಡಿಮೆ. ಉಪ್ಪೆಲ್ಲ ಇರುವುದು ಸಾರಿನಲ್ಲಿ, ಉಪ್ಪಿನಕಾಯಿಯಲ್ಲಿ, ಸಂಡಿಗೆಯಲ್ಲಿ, ಕಡೆಗೆ ಮಜ್ಜಿಗೆಗೆ ಕಲಸುವ ಚಿಟಿಕೆಯಲ್ಲಿ. ದಿನಕ್ಕೆ ಐದು ಗ್ರಾಂ, ಅಂದರೆ ಒಂದು ಟೀ ಚಮಚದಷ್ಟು ಎಂದು ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಗೆರೆಯನ್ನು ಉಪ್ಸಾರಿನ ಊಟ ಒಂದೇ ಹೊತ್ತಿಗೆ ಮುಟ್ಟಿಬಿಡಬಹುದು. ಹಾಗೆಂದು ಉಪ್ಪನ್ನು ಪೂರ್ತಿ ಕಿತ್ತರೆ ರುಚಿ ಸತ್ತ ನಾಲಿಗೆಯವರು ಊಟವನ್ನೇ ಬಿಡುತ್ತಾರೆ. ಉಪ್ಪಿನಕಾಯಿ ಸಂಡಿಗೆ ಬಿಡಿಸಿ, ಸಾರಿಗೆ ಹುಳಿ, ಮೆಣಸು, ಕೊತ್ತಂಬರಿ ಹೆಚ್ಚಿಸಿ, ಉಪ್ಪನ್ನು ಮೆಲ್ಲಗೆ ಇಳಿಸುವುದು ಜಾಣತನ. ಉಪ್ಪು ಕಡಿಮೆ ಮಾಡಲು ಹೋಗಿ ಊಟವೇ ಕಡಿಮೆಯಾಯಿತೆಂದರೆ ಸೋತದ್ದು ನಾವೇ.

ಡಚ್ಚರ, ಚೀನೀಯರ ಲೆಕ್ಕ ನಮಗೇಕೆ, ಅವರ ಮೈಕಟ್ಟೇ ಬೇರೆ, ಊಟವೇ ಬೇರೆ ಎನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಹೈವೆಟ್ ನಡೆದ ದೇಶಗಳ ಪಟ್ಟಿಯಲ್ಲಿ ಭಾರತ ಇರಲಿಲ್ಲ. ಪಕ್ಕದ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನವೊಂದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ ನಡೆಸುತ್ತಿದೆ. ಮುದ್ದೆ ಉಣ್ಣುವ, ನಮ್ಮಂತೆಯೇ ಬದುಕುವ ಜನ ಅವರು. ಮಿದುಳಿನ ಜೊತೆಗೆ ಬಿಪಿ, ಸಕ್ಕರೆ, ಕೊಬ್ಬಿನ ಲೆಕ್ಕವನ್ನೂ ಅಲ್ಲಿ ಇಡುತ್ತಾರೆ. ಅಂಥ ಕೆಲಸ ಇನ್ನೂ ಹತ್ತು ಕಡೆ ಆಗಬೇಕು. ಆದರೆ ಮೈಕಟ್ಟು ಬೇರೆ ಎಂಬ ವಾದ ನನ್ನ ಮಾತನ್ನು ಬಲಗೊಳಿಸುತ್ತದೆಯೇ ಹೊರತು ಕೆಡವುವುದಿಲ್ಲ. ಲೈಡನ್ನಿನ ಮುದುಕರು ಇಳಿವಯಸ್ಸಿಗೆ ಕಾಲಿಟ್ಟದ್ದು ಹಾಲು, ಚೀಸು, ಮಾಂಸ ತಿಂದು ಬೆಳೆದ ಮೈ ಹೊತ್ತು. ನಮ್ಮವರು ಕಾಲಿಡುವುದೇ ತೆಳ್ಳಗಿನ ಮೈ ಹೊತ್ತು. 2017ರಿಂದ 18ರವರೆಗೆ ದೇಶದಾದ್ಯಂತ 72 ಸಾವಿರ ಜನರನ್ನು ತಲುಪಿದ ಲಾಸಿ ಎಂಬ ಸಮೀಕ್ಷೆಯಲ್ಲಿ ಅರವತ್ತು ದಾಟಿದವರ ಪೈಕಿ ನೂರಕ್ಕೆ ಸುಮಾರು 27 ಮಂದಿಯ ತೂಕ ಇರಬೇಕಾದುದಕ್ಕಿಂತ ಕಡಿಮೆ ಇತ್ತು. ತೂಕ ಹೆಚ್ಚಾದವರೂ 22ರಷ್ಟು ಇದ್ದರು ಎಂಬುದನ್ನೂ ಹೇಳಬೇಕು. ಒಂದೇ ಊರಿನಲ್ಲಿ ಎರಡೂ ಬಗೆಯವರಿದ್ದಾರೆ, ಇಬ್ಬರಿಗೂ ಒಂದೇ ಚೀಟಿ ಬರೆಯಲಾಗದು. ಅರವತ್ತಕ್ಕೇ ಬಡಕಲಾಗಿರುವವರು ತೊಂಬತ್ತಕ್ಕೆ ಏನಾಗಿರುತ್ತಾರೆ ಎಂಬುದನ್ನು ಊಹಿಸಲು ಸಮೀಕ್ಷೆ ಬೇಕಾಗಿಲ್ಲ.

ಹಣದ ಮಾತು ಬಾರದೆ ಊಟದ ಮಾತು ಮುಗಿಯುವುದಿಲ್ಲ. ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 65 ದಾಟಿದ ಬಡವರಿಗೆ ತಿಂಗಳಿಗೆ 1,200 ರೂಪಾಯಿ ಬರುತ್ತದೆ. ಮೊಟ್ಟೆಗೆ ಏಳು ರೂಪಾಯಿ ಎಂದು ಹಿಡಿದರೂ ದಿನಕ್ಕೊಂದರಂತೆ ತಿಂಗಳಿಗೆ 210. ಒಂದು ಕೆಜಿ ಹುರುಳಿ, ಎರಡು ಕೆಜಿ ಬೇಳೆ ಸೇರಿಸಿದರೂ ಪಿಂಚಣಿ ಮುಗಿಯುವುದಿಲ್ಲ. ಮುಗಿಯುವುದು ಬೇರೆ ಕಡೆ: ಮಾತ್ರೆಗೆ, ಮೊಮ್ಮಗನ ಫೋನಿಗೆ, ಬ್ಯಾಂಕಿಗೆ ಹೋಗಿಬರುವ ಆಟೋಗೆ. ಅದಕ್ಕಿಂತ ದೊಡ್ಡ ಅಡ್ಡಿ ಒಲೆ. ಮಕ್ಕಳು ಬೆಂಗಳೂರಿಗೋ ದೊಡ್ಡಬಳ್ಳಾಪುರದ ಕಾರ್ಖಾನೆಗೋ ಬೆಳಿಗ್ಗೆ ಹೊರಟರೆ ಮನೆಯಲ್ಲಿ ಉಳಿಯುವುದು ಅಜ್ಜಿ ಒಬ್ಬರೇ. ಒಬ್ಬರಿಗೋಸ್ಕರ ಹಿಟ್ಟು ತೊಳಸುವುದಕ್ಕೆ ತೋಳಿನಲ್ಲಿ ಕಸುವೂ ಇಲ್ಲ, ಮನಸ್ಸೂ ಇಲ್ಲ. ಟೀಯಲ್ಲಿ ಬನ್ನು ಅದ್ದಿಕೊಂಡರೆ ಮಧ್ಯಾಹ್ನದ ಊಟ ಆಯಿತು. ಗಂಡ ತೀರಿಕೊಂಡ ಹೆಂಗಸರಲ್ಲಿ, ಜೀವಮಾನವೆಲ್ಲ ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಂಡು ಅಭ್ಯಾಸವಾದವರಲ್ಲಿ ಇದು ಇನ್ನೂ ಹೆಚ್ಚು. ಮೇಲೆ ಸೋಮವಾರ, ಏಕಾದಶಿಯ ಒಪ್ಪೊತ್ತು. ಅವರ ಶ್ರದ್ಧೆಯನ್ನು ನಾನು ಪ್ರಶ್ನಿಸುವುದಿಲ್ಲ. ಉಪವಾಸದ ದಿನ ಹಾಲು, ಬಾಳೆಹಣ್ಣು, ಕಡಲೆಕಾಯಿಗೆ ಹೆಚ್ಚಿನ ವ್ರತಗಳು ಅಡ್ಡ ಬರಲಾರವು ಎಂದಷ್ಟೇ ನೆನಪಿಸುತ್ತೇನೆ.

ನಮ್ಮ ಜಿಲ್ಲೆಗೇ ಸೇರಿದ ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. ದೇವನಹಳ್ಳಿಯ ಚಕ್ಕೋತಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ಅದನ್ನು ನಾವು ಹೆಮ್ಮೆಯಿಂದ ತಿನ್ನುತ್ತೇವೆ. ಗ್ರೇಪ್‌ಫ್ರೂಟ್ ಎಂಬ ಹಣ್ಣು ಹುಟ್ಟಿದ್ದೇ ಚಕ್ಕೋತ ಮತ್ತು ಕಿತ್ತಳೆಯ ಬೆರಕೆಯಿಂದ. ಗ್ರೇಪ್‌ಫ್ರೂಟ್ ತಿಂದರೆ ಕೆಲವು ಕೊಲೆಸ್ಟ್ರಾಲ್ ಮಾತ್ರೆಗಳು, ಕೆಲವು ಬಿಪಿ ಮಾತ್ರೆಗಳು ರಕ್ತದಲ್ಲಿ ಬೇಕಾದುದಕ್ಕಿಂತ ಹೆಚ್ಚು ಉಳಿದುಬಿಡುತ್ತವೆ. ಮಾತ್ರೆಯನ್ನು ಕರಗಿಸುವ ಕರುಳಿನ ಕಿಣ್ವವೊಂದನ್ನು ಆ ಹಣ್ಣಿನ ಕೆಲವು ವಸ್ತುಗಳು ತಡೆಯುತ್ತವೆ. ಅದೇ ಜಾತಿಯ ವಸ್ತುಗಳು ಚಕ್ಕೋತದಲ್ಲೂ ಇವೆ. ಹಣ್ಣು ಬಿಡಬೇಕೆಂದಿಲ್ಲ, ಮಾತ್ರೆ ತಿನ್ನುವ ಹಿರಿಯರಿದ್ದರೆ ಮಾತ್ರೆಯ ಚೀಟಿ ತೋರಿಸಿ ವೈದ್ಯರನ್ನು ಒಮ್ಮೆ ಕೇಳಿಬಿಡಿ. ಸಹಜವಾದದ್ದೆಲ್ಲ ಹೃದಯಕ್ಕೆ ಒಳ್ಳೆಯದು ಎಂಬ ನಂಬಿಕೆಗೆ ನಮ್ಮ ಹಿತ್ತಿಲಲ್ಲೇ ಬೆಳೆಯುವ ಅಪವಾದ ಇದು.

ಕೊನೆಗೆ ಕಾಯಿಲೆಯನ್ನು ಗುರುತಿಸುವ ಮಾತು. 2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿದಾಗ ಜಯದೇವ ಆಸ್ಪತ್ರೆಯ ಮುಂದೆ ಉದ್ದುದ್ದ ಸಾಲು ನಿಂತಿತು. ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿ ಪರಿಶೀಲಿಸಿ, ಸಾವುಗಳಲ್ಲಿ ಅಸಹಜವಾದ ಏರಿಕೆ ಕಾಣಲಿಲ್ಲ ಎಂದಿತು. ಆ ಸಾಲಿನಲ್ಲಿ ಭಯ ಹಿಡಿದ ಹರೆಯದವರು ಬಹಳ ಇದ್ದರು. ಹಿರಿಯರ ಪಾಡೇ ಬೇರೆ. ಎಂಬತ್ತು ದಾಟಿದವರಿಗೆ ಹೃದಯಾಘಾತವಾದಾಗ ಎದೆ ಹಿಡಿದುಕೊಂಡು ಕೂಗುವಂಥ ನೋವು ಇರದೇ ಹೋಗಬಹುದು. ಏದುಸಿರು, ತಣ್ಣನೆಯ ಬೆವರು, ಹಠಾತ್ತಾಗಿ ಮಾತು ತಡವರಿಸುವಂಥ ಗೊಂದಲ, ವಿಪರೀತ ಸುಸ್ತು, ಇಷ್ಟೇ. ಮನೆಯವರು ಗ್ಯಾಸ್ಟ್ರಿಕ್ ಇರಬೇಕು ಎಂದು ಜೀರಿಗೆ ಕಷಾಯ ಕೊಟ್ಟು ರಾತ್ರಿ ಕಳೆಯುತ್ತಾರೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂದಮೇಲೆ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಬೇಕಿದ್ದರೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡಿದೆ. ಅದು ಫಲ ಕೊಡುವುದು ಮೊದಲ ಕೆಲವು ಗಂಟೆಗಳಲ್ಲಿ. ವಯಸ್ಸಾಯಿತೆಂದು ಕಾಯಬಾರದು, ಚುಚ್ಚುಮದ್ದು ಅವರಿಗೆ ತಡೆದೀತೇ ಇಲ್ಲವೇ ಎಂಬುದನ್ನು ಇಸಿಜಿ ನೋಡಿದ ವೈದ್ಯರು ಹೇಳಲಿ.

2024ರಲ್ಲಿ ಕೋಲಾರದಲ್ಲಿ ಶುರುವಾಗಿ ಮುಂದೆ ಬೇರೆ ಜಿಲ್ಲೆಗಳಿಗೂ ಹರಡಿದ ಗೃಹ ಆರೋಗ್ಯ ಯೋಜನೆಯಲ್ಲಿ ಆರೋಗ್ಯ ಸಿಬ್ಬಂದಿ ಮನೆಬಾಗಿಲಿಗೆ ಬಂದು ಬಿಪಿ, ಶುಗರ್ ನೋಡುತ್ತಾರೆ. ಇಂಥ ತಪಾಸಣೆಗಳ ಕಣ್ಣೆಲ್ಲ ಹೆಚ್ಚಿರುವುದರ ಮೇಲೆ: ಹೆಚ್ಚು ಬಿಪಿ, ಹೆಚ್ಚು ಸಕ್ಕರೆ, ಹೆಚ್ಚು ತೂಕ. ಎಂಬತ್ತು ದಾಟಿದವರ ಮಟ್ಟಿಗೆ ಹಿಡಿಯಬೇಕಾದದ್ದು ಕಡಿಮೆಯಾಗುತ್ತಿರುವುದನ್ನು. ಮೂರು ತಿಂಗಳಿಗೊಮ್ಮೆ ಅವರ ತೂಕ ಬರೆದಿಟ್ಟು ಹಿಂದಿನ ಅಂಕಿಯ ಜೊತೆ ಹೋಲಿಸಬೇಕು, ಬಿಪಿಯನ್ನು ಕೂತಾಗ ಒಮ್ಮೆ, ಎದ್ದು ನಿಂತ ಮೇಲೆ ಒಮ್ಮೆ ನೋಡಬೇಕು, ಕೈಯೂರದೆ ಕುರ್ಚಿಯಿಂದ ಏಳುತ್ತಾರೆಯೇ ಎಂದು ಗಮನಿಸಬೇಕು. ಆಶಾ ಕಾರ್ಯಕರ್ತೆಗೆ ಇದಕ್ಕೆ ಹೊಸ ಯಂತ್ರವೇನೂ ಬೇಡ, ನಮೂನೆಯಲ್ಲಿ ಇನ್ನು ಮೂರು ಖಾನೆ ಸಾಕು. ಆರು ತಿಂಗಳಲ್ಲಿ ನಲವತ್ತೈದು ಕೆಜಿಯಿಂದ ನಲವತ್ತೆರಡಕ್ಕೆ ಇಳಿದ ಅಜ್ಜಿಯ ಹೆಸರು ಆ ಪುಸ್ತಕದಲ್ಲಿ ಕಂಡರೆ, ಅವರ ಮನೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಮಧ್ಯಾಹ್ನ ಅವರಿಗೆ ಯಾರು ಬಡಿಸುತ್ತಾರೆ ಎಂಬುದು.